ಹುಡುಕಿದರೆ ಸಿಗದ ರೊಟ್ಟಿಯಂಗಡಿ

ಪುಣೆಯಿಂದ ಖಾಯಂ ರೊಟ್ಟಿ ತರಿಸುತ್ತಿದ್ದ ಹೆಂಗಸೊಬ್ಬಳು ಫೋನು ಮಾಡಿ, “ಯಾಕ್ರಿ, ಅಂಗಡಿ ಬಂದ್ ಮಾಡಿದ್ರೇನು?” ಎಂದು ಕೇಳಿದಾಗ ಮುರಿಗೆಪ್ಪನಿಗೆ ಸಿಟ್ಟು ಬಂತು.

“ಯಾರ್ ಹೇಳಿದ್ರಿ ನಿಮಗ? ಇಲ್ಲಿ ನಾಕೂ ಒಲಿ ಉರ್ಯಾಕತ್ತಾವ.”

“ಹಂಗಲ್ರಿ. ನಮ್ಮ ತಂಗಿಗೆ ನಿಮ್ಮ ರೊಟ್ಟಿ ಸುದ್ದಿ ಹೇಳಿದ್ನಿ. ಆಕಿ ಕಂಪ್ಯೂಟರ್‌ನ್ಯಾಗ ಹುಡುಕಿದ್ಲಂತ. ಎಲ್ಲೂ ಹೆಸರ ಇಲ್ಲ ಅಂದ್ಲು.”

ಮುರಿಗೆಪ್ಪ ಫೋನಿಟ್ಟು ಒಳಗೆ ಕೂಗಿದ. “ಬಸೂ, ನಮ್ಮ ಹೆಸರ ಎಲ್ಲಿ ಹೋತ ನೋಡ ಬಾ ಇಲ್ಲಿ.”

ಇದು 2008ರ ಮಳೆಗಾಲದ ಮಾತು. ಗೋಕಾಕದ ಸೋಮವಾರ ಪೇಟೆಯಲ್ಲಿ ಮುರಿಗೆಪ್ಪನದು ಕಿರಾಣಿ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಹೆಂಡತಿ ಲಕ್ಕವ್ವ ಬಡಿದ ಜೋಳದ ಕಡಕ ರೊಟ್ಟಿಯನ್ನು ಅಂಗಡಿಯ ಮೂಲೆಯಲ್ಲಿ ಒಂದು ಬುಟ್ಟಿಯಲ್ಲಿಟ್ಟು ಮಾರುವುದು ಮೊದಲಿಂದ ನಡೆದು ಬಂದಿತ್ತು. ಅದನ್ನು ಬುಟ್ಟಿಯಿಂದ ಎತ್ತಿ ಊರೂರಿಗೆ ಕಳಿಸುವಂತೆ ಮಾಡಿದ್ದು ಸೊಸೆ ಭಾಗ್ಯಾ. ತುಕ್ಕಾನಟ್ಟಿಯ ಹುಡುಗಿ, ಬಿ.ಕಾಂ. ಓದಿದ್ದಳು. ಮದುವೆಯಾಗಿ ಬಂದ ಮೇಲೆ ಎದುರು ಮನೆಯ ಪ್ರಣಿತಾಳ ಕಂಪ್ಯೂಟರ್ ಕ್ಲಾಸಿಗೆ ಹೋಗತೊಡಗಿದಳು. ಪ್ರಣಿತಾ ಹುಕ್ಕೇರಿಯ ಜೈನರ ಮನೆಯ ಮಗಳು, ಭಾಗ್ಯಾಳಿಗಿಂತ ಎರಡು ವರ್ಷ ಚಿಕ್ಕವಳು. ಇಬ್ಬರೂ ಸೇರಿ ಅಂಗಡಿಗೊಂದು ವೆಬ್‌ಸೈಟು ಮಾಡಿದರು. ರೊಟ್ಟಿಯ ಫೋಟೋ ತೆಗೆದವಳು ಪ್ರಣಿತಾ. ಅದರ ಕೆಳಗೆ, ಬಿಳಿಜೋಳ ಯಾವ ಹೊಲದ್ದು, ಹಿಟ್ಟು ಎಂಥ ನೀರಿನಲ್ಲಿ ನಾದಬೇಕು, ರೊಟ್ಟಿ ಮುರಿದರೆ ಸಪ್ಪಳ ಹೇಗಿರಬೇಕು ಎಂದೆಲ್ಲ ಬರೆದವಳು ಭಾಗ್ಯಾ.

ಯಾರಾದರೂ ಗೋಕಾಕದ ರೊಟ್ಟಿ ಎಂದು ಹುಡುಕಿದರೆ ಮೊದಲ ಸಾಲಿನಲ್ಲೇ ಇವರ ಹೆಸರು ಬರುತ್ತಿತ್ತು. ವರ್ಷ ತುಂಬುವುದರೊಳಗೆ ಪುಣೆ, ಮುಂಬಯಿ, ಬೆಂಗಳೂರುಗಳಿಂದ ಆರ್ಡರ್ ಬರತೊಡಗಿದವು. ಹಿತ್ತಲಿನಲ್ಲಿ ತಗಡು ಹಾಕಿ ನಾಲ್ಕು ಒಲೆ ಹೂಡಿದರು. ಕುಲಗೋಡದಿಂದ ಸಾವಿತ್ರವ್ವ ಇನ್ನಿಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ದಿನಾ ಮುಂಜಾನೆಯ ಬಸ್ಸಿಗೆ ಬರತೊಡಗಿದಳು. ಮುರಿಗೆಪ್ಪನ ಮಗ ಬಸವಲಿಂಗ ಸಕ್ಕರೆ ಕಾರ್ಖಾನೆಯ ಗುಮಾಸ್ತಿಕೆ ಬಿಟ್ಟು ಮನೆಯ ವ್ಯಾಪಾರಕ್ಕೇ ನಿಂತ.

ಈಗ ಅವನು ಕಂಪ್ಯೂಟರಿನ ಮುಂದೆ ಕುಳಿತು ರೊಟ್ಟಿಯ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆದ. ಸಾಂಗಲಿಯ ಒಂದು ಹೋಟೆಲು ಬಂತು. ಯಾರೋ ಬರೆದ ಪ್ರವಾಸ ಕಥನ ಬಂತು. ಗೋಕಾಕ ಫಾಲ್ಸಿನ ಚಿತ್ರಗಳು ಬಂದವು. ಅವರ ಅಂಗಡಿ ಬರಲಿಲ್ಲ. ಎರಡನೆಯ ಪುಟ, ಮೂರನೆಯ ಪುಟ ನೋಡಿದ. ಕೊನೆಗೆ ಅಂಗಡಿಯ ಪೂರ್ತಿ ಹೆಸರನ್ನೇ ಹೊಡೆದ. ಆಗಲೂ ಇಲ್ಲ.

“ವೆಬ್‌ಸೈಟ ಹಾಳಾಗೇತೇನು?” ಎಂದ ಮುರಿಗೆಪ್ಪ.

ಬಸವಲಿಂಗ ವಿಳಾಸ ಹೊಡೆದ. ಸೈಟು ತಟ್ಟನೆ ತೆರೆಯಿತು. ಅದೇ ರೊಟ್ಟಿ, ಅದೇ ಶೇಂಗಾ ಚಟ್ನಿ, ಅದೇ ಫೋನ್ ನಂಬರು.

“ಐತಲ್ಲ!”

“ವಿಳಾಸ ಗೊತ್ತಿದ್ದವರಿಗೆ ಐತಿ ಅಪ್ಪಾ. ಹುಡಕವರಿಗೆ ಇಲ್ಲ.”

“ಇದ್ದದ್ದು ಇಲ್ಲ ಹೆಂಗ ಆಕ್ಕೇತಲೇ?”

ಭಾಗ್ಯಾ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತು ನೋಡಿದಳು. “ಹೋದ ತಿಂಗಳ ಆರ್ಡರ್ ಕಡಿಮಿ ಬಂದದ್ದು ಇದಕ್ಕ ಇರಬೇಕು,” ಎಂದಳು.

“ಪ್ರಣಿತಾಗ ಫೋನ್ ಹಚ್ಚು,” ಎಂದ ಬಸವಲಿಂಗ.

ಒಳಗಿನಿಂದ ಲಕ್ಕವ್ವ ಅಂದಳು: “ಹಸಿ ಬಾಣಂತಿ ಅದಾಳ ಆಕಿ. ಹಡದ ಇನ್ನೂ ವಾರ ಆಗಿಲ್ಲ. ಆಕಿಗ್ಯಾಕ ತ್ರಾಸ ಕೊಡ್ತೀರಿ?”

ಪ್ರಣಿತಾ ಹೆರಿಗೆಗೆಂದು ಹುಕ್ಕೇರಿಯ ತವರಿಗೆ ಹೋಗಿದ್ದಳು. ಆದರೂ ಬಸವಲಿಂಗ ಫೋನು ಮಾಡಿದ. ಎತ್ತಿದವಳು ಪ್ರಣಿತಾಳ ತಾಯಿ. “ಬಾಣಂತಿಗೆ ಫೋನ್ ಕೊಡೂದಿಲ್ಲ. ಕಂಪ್ಯೂಟರ್ ಮಾತ ಈಗ ಬ್ಯಾಡ. ತಿಂಗಳ ಎರಡ ತಿಂಗಳ ಆಗ್ಲಿ,” ಎಂದು ಇಟ್ಟುಬಿಟ್ಟಳು.

*

ಮನೆಮನೆಗೆ ರೊಟ್ಟಿ ಹಂಚುವ ರೊಟ್ಟಿ ಪಂಚಮಿ ಹಬ್ಬ ಬಂತು, ಹೋಯಿತು. ಹಿಂದಿನ ವರ್ಷ ಆ ವಾರ ಕೂರಿಯರಿನವನು ದಿನಕ್ಕೆರಡು ಸಲ ಬಂದಿದ್ದ. ಈ ಸಲ ಎರಡು ದಿನಕ್ಕೊಮ್ಮೆ ಬಂದು, “ಏನೂ ಇಲ್ಲೇನ್ರಿ?” ಎಂದು ಕೇಳಿ ಹೋದ. ಹಳೆಯ ಗಿರಾಕಿಗಳು ಬಿಟ್ಟಿರಲಿಲ್ಲ, ಆದರೆ ಅವರ ಮೇಲೆ ನಾಲ್ಕು ಒಲೆ ಉರಿಯುವಂತಿರಲಿಲ್ಲ. ಮುರಿಗೆಪ್ಪ ಸಾವಿತ್ರವ್ವನನ್ನು ಕರೆದು, ವಾರಕ್ಕೆ ಎರಡು ದಿನ ಬಂದರೆ ಸಾಕು, ಉಳಿದ ಇಬ್ಬರು ಬರುವುದು ಬೇಡ ಎಂದ.

“ಎಟ್ಟ್ ದಿವಸ್ರಿ ಯಜಮಾನ್ರ?”

“ಹೆಸರ ತಿರುಗಿ ಬರೂತನಕ.”

ಸಾವಿತ್ರವ್ವನಿಗೆ ಈ ಹೆಸರು ಎಲ್ಲಿಗೆ ಹೋಗಿದೆ, ಯಾವ ಬಸ್ಸಿಗೆ ಬರುತ್ತದೆ ತಿಳಿಯಲಿಲ್ಲ. ಅವಳು ಭಾಗ್ಯಾಳ ಮುಖ ನೋಡಿದಳು. ಭಾಗ್ಯಾ ತಲೆ ತಗ್ಗಿಸಿದಳು.

ಬಸವಲಿಂಗ ಮೊದಲು ಬಸ್‌ಸ್ಟ್ಯಾಂಡಿನ ಬಾಜೂದ ಸೈಬರ್ ಕೆಫೆಗೆ ಹೋದ. ತಮ್ಮ ಮನೆಯ ಕಂಪ್ಯೂಟರಿನದೇ ದೋಷವಿರಬಹುದು ಎಂದು ಅಲ್ಲಿ ಹುಡುಕಿದ. ಅಲ್ಲೂ ಇರಲಿಲ್ಲ. ವೆಬ್‌ಸೈಟಿನ ಹೆಸರಿಗೆ ವರ್ಷಕ್ಕೊಮ್ಮೆ ಕಟ್ಟುವ ಹಣದ ಅವಧಿ ಮುಗಿದಿರಬಹುದು ಎಂದು ಕೆಫೆಯವನು ಹೇಳಿದ. ನೋಡಿದರೆ ಅದಕ್ಕಿನ್ನೂ ಎಂಟು ತಿಂಗಳಿತ್ತು. ಆಮೇಲೆ ಬೆಳಗಾವಿಗೆ ಹೋದ. ಅಲ್ಲಿ ಟೈ ಕಟ್ಟಿಕೊಂಡ ಒಬ್ಬ ತಜ್ಞ ಸಿಕ್ಕ. ಅವನು ಅಂಗಡಿಯ ವಿಳಾಸವನ್ನು ವಿಶೇಷ ರೀತಿಯಲ್ಲಿ ಹೊಡೆದು ತೋರಿಸಿದ.

“ನೋಡ್ರಿ, ನಿಮ್ಮ ಒಂದ ಪುಟಾನೂ ಸರ್ಚ್‌ನವರ ಲೆಕ್ಕದಾಗ ಇಲ್ಲ. ಪೂರಾ ತಗದಾರ.”

“ಯಾಕ ತಗದಾರ್ರಿ?”

“ಅವರು ಕಾರಣ ಹೇಳೂದಿಲ್ಲ. ನಿಮ್ಮ ಸೈಟಿನ್ಯಾಗ ಮಾತು ಕಡಿಮಿ ಅದಾವ. ರೊಟ್ಟಿ ಅನ್ನೂ ಶಬ್ದ ಇನ್ನೂ ಭಾಳ ಸಲ ಬರಬೇಕು. ನೂರು ಸರ್ಚ್ ಇಂಜಿನ್‌ಗೆ ನಾವ ನಿಮ್ಮ ಹೆಸರು ಕಳಸ್ತೇವಿ. ಹದಿನೈದು ದಿವಸ ಬಿಡ್ರಿ.”

ಬಸವಲಿಂಗ ಹಣ ಕೊಟ್ಟು ಬಂದ. ತಜ್ಞ ಭಾಗ್ಯಾಳಿಂದ ಫೋನಿನಲ್ಲೇ ಪಾಸ್‌ವರ್ಡು ಕೇಳಿ ಪಡೆದು, ಅವಳು ಬರೆದದ್ದರ ನಡುನಡುವೆ ರೊಟ್ಟಿ, ಒಳ್ಳೆಯ ರೊಟ್ಟಿ, ಅಗ್ಗದ ರೊಟ್ಟಿ ಎಂದು ತುರುಕಿದ. ಓದಲು ಹೋದರೆ ಬಿಕ್ಕಳಿಕೆ ಬಂದವರು ಮಾತಾಡಿದಂತಿತ್ತು. ಹದಿನೈದು ದಿನ ಕಳೆದವು. ಅಂಗಡಿ ಎಲ್ಲೂ ಕಾಣಿಸಲಿಲ್ಲ. ಫೋನು ಮಾಡಿದರೆ ತಜ್ಞ ಇನ್ನೂ ಹದಿನೈದು ದಿನ ಎಂದ.

ಆ ದಿನ ಮಧ್ಯಾಹ್ನ ಸಾವಿತ್ರವ್ವನೂ ಇದ್ದಳು. ಬಸವಲಿಂಗ ಊಟಕ್ಕೆ ಕುಳಿತಿದ್ದ. ತಾಟಿನಲ್ಲಿ ಬಿಸಿ ರೊಟ್ಟಿ, ಪುಂಡಿ ಪಲ್ಯ, ಮೇಲೆ ಎಣ್ಣೆ. ಭಾಗ್ಯಾ ಗುರೆಳ್ಳು ಚಟ್ನಿ ಹಾಕಲು ಬಾಗಿದಾಗ ಅವನು ಕೇಳಿದ:

“ಜೂನ್‌ನ್ಯಾಗ ನೀ ಚಟ್ನಿ ರೇಟ ಬದಲ ಮಾಡಿದ್ದಿ ಅಲ್ಲಾ?”

“ಹೌದ್ರಿ. ಶೇಂಗಾ ತುಟ್ಟಿ ಆಗಿತ್ತು, ನೀವ ಹೇಳಿದ್ರಿ.”

“ಅವಾಗ ಏನ ಒತ್ತಿದಿ?”

“ರೇಟಿನ ಪುಟ ಅಷ್ಟ ತಗದೀನ್ರಿ. ಪ್ರಣಿತಾ ಕಲಿಸಿದ್ದಷ್ಟ.”

“ಏನರ ಒತ್ತೀದಿ ನೀ. ಅದರ ಮ್ಯಾಲ ಬರೂದ ನಿಂತೇತಿ.”

“ಇಲ್ರಿ.”

“ಇಲ್ಲ ಅಂದ್ರ? ಈ ಮನ್ಯಾಗ ಅದನ್ನ ಮುಟ್ಟಾಕಿ ನೀ ಒಬ್ಬಾಕಿ. ಅಪ್ಪ ಮುಟ್ಟ್ಯಾನೇನು? ಅವ್ವ ಮುಟ್ಟ್ಯಾಳೇನು? ಅರ್ಧಮರ್ಧ ಕಲ್ತು ಇದ್ದದ್ದನ್ನ ಕೆಡಿಸಿ ಇಟ್ಟಿ!”

ಭಾಗ್ಯಾ ಚಟ್ನಿಯ ಬಟ್ಟಲು ಹಿಡಿದುಕೊಂಡೇ ನಿಂತಳು. ಅತ್ತೆಯ ಕಡೆ ನೋಡಿದಳು. ಲಕ್ಕವ್ವ ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿ, ಅಂಚನ್ನು ಅರಿವೆಯಿಂದ ಒತ್ತುತ್ತಿದ್ದಳು. ಮುರಿಗೆಪ್ಪ, “ಕಲ್ತವರನ್ನ ಮನಿಗೆ ತಂದ್ರ ಹಿಂಗ,” ಎಂದು ತನ್ನ ಪಾಡಿಗೆ ಅಂದುಕೊಂಡು ನೀರು ಕುಡಿದ.

ಅಂದಿನಿಂದ ಭಾಗ್ಯಾ ಕಂಪ್ಯೂಟರಿನ ಹತ್ತಿರ ಹೋಗುವುದನ್ನು ಬಿಟ್ಟಳು. ಪಾಸ್‌ವರ್ಡನ್ನು ಗಂಡ ಕೇಳಲಿಲ್ಲ, ಅವಳೇ ಒಂದು ಚೀಟಿಯಲ್ಲಿ ಬರೆದು ಅವನ ಅಂಗಿಯ ಕಿಸೆಗೆ ಹಾಕಿದಳು. ಗಂಡ ಕೇಳಿದ್ದಕ್ಕೆ ಹೂಂ, ಊಹೂಂ ಬಿಟ್ಟರೆ ಮಾತಿಲ್ಲ. ಕೆಲಸ ಕಡಿಮೆಯಾಗಿದ್ದರೂ ಅವಳ ಮುಖ ಬಾಡಿತು. ಲಕ್ಕವ್ವ ಒಂದೆರಡು ಸಲ, “ಹಾಲ ಕುಡಿ. ಮಧ್ಯಾಹ್ನ ಒಂದೀಟ ಅಡ್ಡಾಗು. ಈಗೇನ ಕೆಲಸ ಐತಿ?” ಎಂದಳು.

“ಕೆಲಸ ಇಲ್ಲಂತನ ಸಂಕಟ ಐತ್ರಿ ಅತ್ತಿ,” ಎಂದಳು ಭಾಗ್ಯಾ.

*

ಮಹಾನವಮಿಗೆ ವಾರವಿದ್ದಾಗ ಬಸವಲಿಂಗ ಒಂದು ತೀರ್ಮಾನ ಹೇಳಿದ. ಹಳೆಯ ಸೈಟು ತೆಗೆದುಹಾಕುವುದು. ಬೆಳಗಾವಿಯ ತಜ್ಞನಿಂದಲೇ ಹೊಸ ಹೆಸರಿನಲ್ಲಿ ಹೊಸದು ಮಾಡಿಸುವುದು. ಬರೆಯುವುದೂ ಅವನ ಕಡೆಯವರೇ.

“ನಾ ಬರದದ್ದು?” ಎಂದು ಭಾಗ್ಯಾ ಕೇಳಿದಳು. ಎಷ್ಟೋ ದಿನಗಳ ಮೇಲೆ ಅವಳಾಗಿ ಆಡಿದ ಮಾತು ಅದು.

“ಅದು ಬರತಿದ್ದಿಲ್ಲಲ್ಲ ಹುಡಕಿದ್ರ,” ಎಂದ ಗಂಡ.

ಮರುದಿನ ಭಾಗ್ಯಾ ಪ್ರಣಿತಾಳ ಕೂಸನ್ನು ನೋಡಿಕೊಂಡು ಬರುತ್ತೇನೆಂದಳು. ಲಕ್ಕವ್ವ, “ಇನ್ನೊಂದೀಟ ದಿನ ಬಿಟ್ಟ ಹೋಗ್ಬಾರ್ದಾ?” ಎಂದಳು. ಎರಡು ತಿಂಗಳು ದಾಟಿತು, ಎದುರುಮನೆಯವರಾಗಿ ಇನ್ನೂ ಹೋಗದಿದ್ದರೆ ಹೇಗೆ ಎಂದು ಮುರಿಗೆಪ್ಪನೇ ಗದರಿದ. ಲಕ್ಕವ್ವ ಅಂಟಿನುಂಡಿ ಕಟ್ಟಿಕೊಟ್ಟಳು. ಕೂಸಿಗೊಂದು ಕುಂಚಿಗೆ ಕೊಟ್ಟಳು.

ಘಟಪ್ರಭಾ ಮೇಲೆ ಹಾಯ್ದು ಹೋಗುವ ಬಸ್ಸು. ಕಬ್ಬಿನ ಗಾಡಿಗಳ ಹಿಂದೆ ತೆವಳುತ್ತ ಹುಕ್ಕೇರಿ ಮುಟ್ಟುವಷ್ಟರಲ್ಲಿ ಬಿಸಿಲೇರಿತ್ತು. ಪ್ರಣಿತಾ ತಲೆಗೆ ಅರಿವೆ ಕಟ್ಟಿಕೊಂಡು, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದಳು. ಭಾಗ್ಯಾಳನ್ನು ನೋಡಿ ಹಿಗ್ಗಿದಳು.

“ಬರ್ರಿ ವೈನಿ! ಬಾಣಂತಿ ಕ್ವಾಣ್ಯಾಗ ಕುಂತ ಕುಂತ ಹುಚ್ಚ ಹಿಡದೈತಿ ನನಗ.”

ಕೂಸನ್ನು ಎತ್ತಿಕೊಂಡಾಗ ಭಾಗ್ಯಾಳ ಕಣ್ಣು ತುಂಬಿತು. ಮೇ ತಿಂಗಳಲ್ಲಿ ಅವಳಿಗೆ ಮೂರು ತಿಂಗಳಾಗಿದ್ದ ಬಸಿರು ಉಳಿದಿರಲಿಲ್ಲ. ಪ್ರಣಿತಾಳಿಗೆ ಅದು ಗೊತ್ತಿತ್ತು. ಅವಳು ಮಾತು ಬದಲಿಸಿದಳು.

“ಈಗ ತಬ್ಬೇತ ಹೆಂಗೈತಿ? ವಿಶ್ರಾಂತಿ ಆತೇನು? ಮತ್ತ ಚಾಲೂ ಮಾಡ್ತೀರೇನು ಆರ್ಡರ್? ಮಾಡೂದಿದ್ರ ಹೇಳ್ರಿ, ಆ ಸಾಲ ತಗದ ಬಿಡ್ತೇನಿ.”

“ಯಾವ ಸಾಲು?”

“ನಾ ಹಾಕಿದ್ನಲ್ಲ ಜೂನ್‌ನ್ಯಾಗ. ಲಕ್ಕವ್ವ ಕಾಕು ಬಂದಿದ್ರು, ನಾ ಇಲ್ಲಿಗೆ ಬರೂಕಿಂತ ಮೊದಲ. ಭಾಗ್ಯಾಗ ಆರಾಮಿಲ್ಲ, ಸದ್ಯಕ್ಕ ಹೊಸ ಗಿರಾಕಿ ಬ್ಯಾಡ ಅಂತ ಮನ್ಯಾಗ ಎಲ್ಲಾರೂ ಮಾತಾಡೇವಿ, ಹಳಬರಿಗೆ ಅಷ್ಟ ಕಾಣೂ ಹಂಗ ಮಾಡಾಕ ಬರತೈತೇನು ಅಂದ್ರು. ಬರತೈತಿ ಅಂದ್ನಿ. ಸರ್ಚ್‌ನವರಿಗೆ, ನಮ್ಮನ್ನ ನಿಮ್ಮ ಲೆಕ್ಕಕ್ಕ ತಗೋಬ್ಯಾಡ್ರಿ ಅಂತ ಒಂದ ಸಾಲು, ಪುಟದ ಒಳಗ. ಓದವರಿಗೆ ಅದು ಕಾಣೂದಿಲ್ಲ.”

ಭಾಗ್ಯಾ ಕೂಸನ್ನು ಹಾಗೇ ಹಿಡಿದುಕೊಂಡಿದ್ದಳು.

“ವೈನಿ? ನಿಮಗ ಗೊತ್ತಿತ್ತಲ್ಲಾ?”

“ಇಲ್ಲ.”

“ಅಯ್ಯ, ನಾ ನಿಮ್ಮನ್ನ ಒಂದ ಮಾತ ಕೇಳಬೇಕಿತ್ತು. ಹಿರ್ಯಾರು ಬಂದ ಹೇಳಿದ್ರಲ್ಲ ಅಂತ... ನಾ ತವರಿಗೆ ಹೊಂಡೂ ಗದ್ದಲದಾಗಿದ್ನಿ. ಈಗ ತಗೀಲೇನು? ತಮ್ಮಗ ಹೇಳಿ...”

“ಬ್ಯಾಡ. ನಾ ಫೋನ್ ಮಾಡೂತನಕ ಬ್ಯಾಡ,” ಎಂದಳು ಭಾಗ್ಯಾ.

ತಿರುಗಿ ಬರುವಾಗ ಬಸ್ಸಿನಲ್ಲಿ ಅವಳಿಗೆ ಕೂರಲು ಜಾಗ ಸಿಕ್ಕಲಿಲ್ಲ. ಸಿಕ್ಕಿದ್ದರೂ ಕೂರುತ್ತಿದ್ದಳೋ ಇಲ್ಲವೋ. ಎಲ್ಲರೂ ಸೇರಿ ಹುಡುಕಿದ್ದು, ಬೆಳಗಾವಿಗೆ ಹಣ ಸುರಿದದ್ದು, ಎಲ್ಲರೆದುರು ತಾನು ಚಟ್ನಿಯ ಬಟ್ಟಲು ಹಿಡಿದು ನಿಂತದ್ದು, ಆಗ ಅತ್ತೆ ರೊಟ್ಟಿ ತಿರುವಿ ಹಾಕಿದ್ದು, ಒಂದೊಂದಾಗಿ ನೆನಪಾದವು.

*

ಲಕ್ಕವ್ವ ಹಿತ್ತಲಿನ ಕಟ್ಟೆಯ ಮೇಲೆ ಶೇಂಗಾ ಒಡೆಯುತ್ತಿದ್ದಳು. ಗಂಡಸರು ಅಂಗಡಿಯಲ್ಲಿದ್ದರು.

“ಬಂದ್ಯಾ? ಕೂಸ ಯಾರಂಗ ಐತಿ?”

“ಪ್ರಣಿತಾನಂಗ ಐತ್ರಿ.” ಭಾಗ್ಯಾ ಚೀಲ ಕೆಳಗಿಟ್ಟಳು. “ಆ ಸಾಲ ತಗೀಲೇನು ಅಂತ ಕೇಳಿದ್ಲು.”

ಲಕ್ಕವ್ವನ ಕೈಯಲ್ಲಿದ್ದ ಕಾಯಿ ಒಡೆಯದೇ ಉಳಿಯಿತು.

“ನೀವ ಹಾಕಿಸಿದ್ದು ಖರೆ ಏನ್ರಿ ಅತ್ತಿ?”

“ಖರೆ.”

“ಯಾಕ್ರಿ?”

“ಯಾಕ ಅಂತ ನಿನಗ ಗೊತ್ತಿಲ್ಲೇನು?” ಲಕ್ಕವ್ವ ತಲೆಯೆತ್ತಿದಳು. “ಮೇ ತಿಂಗಳಾಗ ಆ ಲಗ್ನದ ಆರ್ಡರಿಗೆ ಎರಡು ದಿವಸ ಒಲಿ ಮುಂದ ಕುಂತಿ. ಹೊಟ್ಟಿ ಹಿಡಕೊಂಡ ಎದ್ದಾಕಿ ದವಾಖಾನಿಗೆ ಹೋದಿ. ತಿರುಗಿ ಬಂದ ಎಂಟು ದಿವಸಕ್ಕ ಮತ್ತ ಹಿಟ್ಟಿನ ಪರಾತ ಮುಂದ ಹಾಕ್ಕೊಂಡ ಕುಂತಿ. ಸಾಕು ಮಾಡ್ರಿ ಅಂತ ನಿಮ್ಮ ಮಾವಗ ಹೇಳಿದ್ನಿ. ಬಂದ ಲಕ್ಷ್ಮಿನ ಒದೀತೀಯೇನು ಅಂದ್ರು. ಬಸೂಗ ಹೇಳಿದ್ನಿ. ಆಕಿನ ಬೇಕಂತಾಳ ಅವ್ವಾ ಅಂದ. ಫೋನ್ ಬಂದಂಗೆಲ್ಲಾ ನಿಮಗ ಮೂರೂ ಮಂದಿಗೆ ಹಿಗ್ಗು. ನಾ ಏನ ಮಾಡ್ಲಿ? ಫೋನ್ ಬರದಂಗ ಮಾಡಿದ್ನಿ.”

“ನನ್ನ ಕೇಳಬೇಕಿತ್ತಲ್ರಿ.”

“ಕೇಳಿದ್ರ ನೀ ಹೂಂ ಅಂತಿದ್ಯಾ?”

“ಇಲ್ಲ.”

“ಮತ್ತ?”

“ಇಲ್ಲ ಅಂತಿದ್ನಿ. ಅದು ನನ್ನ ಮಾತಾಗಿರ್ತಿತ್ತು.” ಭಾಗ್ಯಾ ಕಟ್ಟೆಯ ಹತ್ತಿರ ಬಂದಳು. “ಕೂಸ ಹೋದದ್ದು ನನಗ ಗೊತ್ತಿಲ್ಲೇನ್ರಿ? ಸುಮ್ಮ ಮಕ್ಕೊಂಡ್ರ ಅದ ನೆನಪ ಬರತಿತ್ತು. ಆ ಸೈಟಿನ್ಯಾಗ ನಾಕ ಸಾಲ ಬರದಾಗಷ್ಟ ನನಗ ಈ ಮನ್ಯಾಗ ನಾನೂ ಒಬ್ಬಾಕಿ ಅದೀನಿ ಅನ್ನಸ್ತಿತ್ತು. ನೀವು ಒಲಿ ಆರಸಾಕ ಹೋಗಿ ಅದನ್ನೂ ಆರಸಿದ್ರಿ.”

ಲಕ್ಕವ್ವ ಶೇಂಗಾದ ಸಿಪ್ಪೆಗಳನ್ನು ಒಂದು ಕಡೆ ಗುಡ್ಡೆ ಮಾಡಿದಳು.

“ಅದೂ ಹೋಗ್ಲಿ. ಅವರು ನನ್ನ ಅಂದಾಗ ನೀವು ಅಲ್ಲೇ ಇದ್ರಿ. ಒಂದ ಮಾತ ಆಡಲಿಲ್ಲ.”

“ಅಂಜಿದ್ನಿ,” ಎಂದಳು ಲಕ್ಕವ್ವ. “ಬಸೂ ಅಷ್ಟ ಸಿಟ್ಟಾಗ್ತಾನ ಅಂತ ತಿಳಿದಿರಲಿಲ್ಲ. ಇವತ್ತ ಹೇಳ್ಬೇಕು, ನಾಳೆ ಹೇಳ್ಬೇಕು ಅಂತ ದಿನಾ ಹೋದೂವು.”

“ಸಾವಿತ್ರವ್ವ ವಾರದಾಗ ಐದ ದಿನ ಮನ್ಯಾಗ ಕುಂತಾಳ. ಆಕಿ ಜೋಡಿ ಬರಾವರು ಇಬ್ಬರೂ ಕುಂತಾರ.”

“ಅದು ನನಗ ಹೊಳೀಲ ಇಲ್ಲ. ನಿನ್ನ ಒಬ್ಬಾಕಿನ್ನ ನೋಡಿದ್ನಿ.”

ಭಾಗ್ಯಾ ಚೀಲ ಎತ್ತಿಕೊಂಡಳು. “ನಾ ಅವರಿಗೆ ಹೇಳೂದಿಲ್ರಿ. ನೀವ ಹಾಕಿಸೀರಿ, ನೀವ ಹೇಳ್ರಿ,” ಎಂದು ಒಳಗೆ ಹೋದಳು.

ಎರಡು ದಿನ ಲಕ್ಕವ್ವ ಹೇಳಲಿಲ್ಲ. ಅತ್ತೆ ಸೊಸೆ ಒಂದೇ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ಕೆಲಸ ಮಾಡಿದರು. ಮೂರನೆಯ ದಿನ ಸಂಜೆ ಬಸವಲಿಂಗ ಊಟಕ್ಕೆ ಕುಳಿತು, ನಾಳೆ ಬೆಳಗಾವಿಗೆ ಹೋಗಿ ಹೊಸ ಸೈಟಿಗೆ ಮುಂಗಡ ಕೊಟ್ಟು ಬರುತ್ತೇನೆ ಎಂದ. ಲಕ್ಕವ್ವ ಸಾರಿನ ಸೌಟು ಪಾತ್ರೆಯಲ್ಲೇ ಬಿಟ್ಟಳು.

“ಬೆಳಗಾವಿಗೆ ಹೋಗಬ್ಯಾಡ. ಹೆಸರ ತಗಸಿದಾಕಿ ನಾನ.”

ಅವಳು ಎಲ್ಲವನ್ನೂ ನಿಂತಲ್ಲೇ ಹೇಳಿದಳು. ಬಸವಲಿಂಗ ಮೊದಲು ನಂಬಲಿಲ್ಲ. ಮುರಿಗೆಪ್ಪ ನಂಬಿದ. ತಾಟನ್ನು ಮುಂದಕ್ಕೆ ತಳ್ಳಿದ; ಸಾರು ನೆಲಕ್ಕೆ ಚೆಲ್ಲಿತು.

“ಮನಿ ಮುಣಗಿಸಿದೆಲ್ಲ! ಮಗ ನೌಕರಿ ಬಿಟ್ಟ ಕುಂತಾನ, ನೀ ಕದ್ದ ಹೋಗಿ ಬಾಗಲಾ ಹಾಕಿ ಬಂದಿ?”

“ಮೇ ತಿಂಗಳಾಗ ಈ ಮನ್ಯಾಗ ಒಂದ ಜೀವ ಹೋತು,” ಎಂದಳು ಲಕ್ಕವ್ವ. “ಅವತ್ತ ನೀವಿಬ್ಬರೂ ಉಂಡ ಎದ್ರಿ. ಯಾರೂ ತಾಟ ತಳ್ಳಲಿಲ್ಲ.”

ಮುರಿಗೆಪ್ಪ ಎದ್ದು ಅಂಗಡಿಯ ಕಡೆ ಹೋದ. ಬಸವಲಿಂಗ ಕೈ ತೊಳೆಯದೆ ಕುಳಿತಿದ್ದ. ಆಮೇಲೆ ಹೆಂಡತಿಗೆ, “ನಿನಗ ಯಾವಾಗ ಗೊತ್ತಾತು?” ಎಂದ.

“ಹುಕ್ಕೇರಿಗೆ ಹೋದಾಗ್ರಿ.”

“ಫೋನ್ ಮಾಡಿ ಆ ಸಾಲ ತಗಸು.”

“ತಗಸ್ತೇನಿ. ಅದಕ್ಕೂ ಮೊದಲ ನೀವ ನನಗ ಅಂದದ್ದನ್ನ ಹಿಂದ ತಗೋರಿ. ಇಲ್ಲಿ ಅಲ್ಲ. ನಾಳೆ ಸಾವಿತ್ರವ್ವ ಬರ್ತಾಳ, ಆಕಿ ಮುಂದ. ಅವತ್ತ ಆಕಿನೂ ಇದ್ಲು.”

“ಆಕಿ ಮುಂದ ಯಾಕ?”

“ಆಕಿ ತನ್ನ ಕೆಲಸಾ ಹೋದದ್ದು ನನ್ನಿಂದ ಅಂತ ತಿಳಕೊಂಡಾಳ.”

ಬಸವಲಿಂಗ ಗೊಣಗಿದ. ಗಂಡಸಾದವನು ಕೆಲಸದವರ ಮುಂದೆ ಹೇಗೆ ಎಂದ. ಭಾಗ್ಯಾ ನೆಲದ ಸಾರು ಒರೆಸಿದಳು. ಮರುದಿನ ಅವಳು ಫೋನು ಮಾಡಲಿಲ್ಲ. ಬಸವಲಿಂಗ ಮಧ್ಯಾಹ್ನದ ತನಕ ಕಾದ. ಕಡೆಗೆ ಹಿತ್ತಲಿಗೆ ಬಂದು, ಒಲೆಗೆ ಕಟ್ಟಿಗೆ ಒಟ್ಟುತ್ತಿದ್ದ ಸಾವಿತ್ರವ್ವನ ಕಡೆ ನೋಡದೆ, “ಅವತ್ತ ನಾ ಇಕಿಗೆ ಅಂದದ್ದು ತಪ್ಪ ಐತಿ. ಇಕಿ ಏನೂ ಒತ್ತಿರಲಿಲ್ಲ,” ಎಂದು ಒಂದೇ ಉಸಿರಿಗೆ ಹೇಳಿ ಹೊರಟುಹೋದ.

ಸಾವಿತ್ರವ್ವ ಭಾಗ್ಯಾಳ ಕಡೆ ತಿರುಗಿದಳು. “ಹಂಗಾದ್ರ ಯಾರ ಒತ್ತಿದ್ರಿ?”

“ನಾ,” ಎಂದಳು ಲಕ್ಕವ್ವ.

*

ಪ್ರಣಿತಾ ಫೋನಿನಲ್ಲಿ ಒಂದೊಂದೇ ಹೇಳಿದಳು. ಇತ್ತ ಭಾಗ್ಯಾ ಪುಟದ ಒಳಗಿನ ಬರಹ ತೆರೆದು ಆ ಸಾಲನ್ನು ತಾನೇ ಅಳಿಸಿದಳು. ತಜ್ಞ ತುರುಕಿದ್ದ ರೊಟ್ಟಿ ರೊಟ್ಟಿಗಳನ್ನೂ ತೆಗೆದಳು. ಕೆಳಗೆ ಹೊಸದೊಂದು ಮಾತು ಬರೆದಳು: ನಮ್ಮಲ್ಲಿ ರೊಟ್ಟಿ ಬಡಿಯುವವರು ಐದು ಜನ. ಕೈಗೆ ಆಗುವಷ್ಟೇ ಮಾಡುತ್ತೇವೆ. ಆರ್ಡರಿಗೆ ಹತ್ತು ದಿನ ಬೇಕು. ಸೋಮವಾರ ಒಲೆ ಹಚ್ಚುವುದಿಲ್ಲ.

ಮುರಿಗೆಪ್ಪ ಓದಿಸಿ ಕೇಳಿದ. “ಹತ್ತು ದಿನ ಅಂದ್ರ ಯಾರ ಕಾಯ್ತಾರ? ತಗಿ ಅದನ್ನ.”

“ಅದು ಇರೂದಿದ್ರ ನಾ ರೊಟ್ಟಿ ಬಡೀತೇನ್ರಿ ಮಾವಾ. ಇಲ್ಲಾಂದ್ರ ನೀವ ಬಡದ ಕಳಸ್ರಿ.”

ಮುರಿಗೆಪ್ಪ ಮಗನ ಮುಖ ನೋಡಿದ. ಬಸವಲಿಂಗ, “ಇರ್ಲಿ ಬಿಡ ಅಪ್ಪಾ,” ಎಂದ.

ಸಾಲು ತೆಗೆದ ಕೂಡಲೇ ಹೆಸರು ಬರಲಿಲ್ಲ. ಮುಂಜಾನೆದ್ದು ಮುರಿಗೆಪ್ಪ ಮಗನಿಂದ ಹುಡುಕಿಸುವನು, ಇಲ್ಲ. ಸಂಜೆ ಹುಡುಕಿಸುವನು, ಇಲ್ಲ. ಸರ್ಚ್‌ನವರ ಯಂತ್ರ ತಿರುಗಿ ಬಂದು ನೋಡಬೇಕು, ಅದು ಅದರ ಮನಸ್ಸಿಗೆ ಬಂದಾಗ ಬರುತ್ತದೆ ಎಂದು ಪ್ರಣಿತಾ ಹೇಳಿದಳು. ಮಹಾನವಮಿ ಖಾಲಿ ಹೋಯಿತು. ಕರೆಂಟು ಹೋದರೆ ಮುರಿಗೆಪ್ಪ ಅದಕ್ಕೂ ಹೆಂಡತಿಯನ್ನೇ ಬಯ್ಯುತ್ತಿದ್ದ. ಲಕ್ಕವ್ವ ತಿರುಗಿ ಮಾತಾಡುತ್ತಿರಲಿಲ್ಲ. ಒಂದು ದಿನ ಮಾತ್ರ ಭಾಗ್ಯಾಳ ಬಾಜೂ ಕುರ್ಚಿಯ ತುದಿಯಲ್ಲಿ ಕುಳಿತು, “ನೀ ಬರದದ್ದ ಓದಿ ಹೇಳ,” ಎಂದಳು. ಭಾಗ್ಯಾ ಕೂಡಲೇ ಓದಲಿಲ್ಲ. ಪರದೆಯ ಮೇಲಿನ ಪುಟವನ್ನು ಹಿಂದೆಮುಂದೆ ಸರಿಸಿ, ಆಮೇಲೆ ಓದಿದಳು. ರೊಟ್ಟಿ ಮುರಿದಾಗಿನ ಸಪ್ಪಳದ ಮಾತು ಬಂದಾಗ ಲಕ್ಕವ್ವ, “ಇದು ನಾ ನಿನಗ ಹೇಳಿದ್ದು,” ಎಂದಳು.

“ಹೌದ್ರಿ. ನೀವ ಹೇಳಿದ್ದ ಬರದೀನಿ.”

ದೀಪಾವಳಿಯ ಹೊತ್ತಿಗೆ ಹೆಸರು ಬಂತು, ಮೂರನೆಯ ಪುಟದಲ್ಲಿ, ಸಾಂಗಲಿಯ ಹೋಟೆಲಿನ ಕೆಳಗೆ. “ಮೂರನೇ ಪುಟಕ್ಕ ಯಾರ ಬರ್ತಾರ?” ಎಂದು ಮುರಿಗೆಪ್ಪ ರೇಗಿದ. ಮೊದಲ ಜಾಗ ತಿರುಗಿ ಸಿಗುತ್ತದೋ ಇಲ್ಲವೋ ಯಾರಿಗೂ ಹೇಳಲಾಗಲಿಲ್ಲ. ಬಸವಲಿಂಗ ಕಾರ್ಖಾನೆಯಲ್ಲಿ ಹಂಗಾಮಿನ ಕೆಲಸವಿದೆಯೇ ಎಂದು ವಿಚಾರಿಸಿಕೊಂಡು ಬಂದ. ಸಾವಿತ್ರವ್ವ ವಾರಕ್ಕೆ ನಾಲ್ಕು ದಿನ ಬರತೊಡಗಿದಳು. ಅವಳ ಜೊತೆಗಾರರಲ್ಲಿ ಒಬ್ಬಳು ಅಷ್ಟರಲ್ಲಿ ಕಬ್ಬು ಕಡಿಯಲು ಹೋಗಿಬಿಟ್ಟಿದ್ದಳು. ಐದು ಎಂದು ಬರೆದಿದ್ದನ್ನು ಭಾಗ್ಯಾ ನಾಲ್ಕು ಎಂದು ತಿದ್ದಿದಳು.

ಒಂದು ಮಧ್ಯಾಹ್ನ ನಾಸಿಕದಿಂದ ಫೋನು ಬಂತು. ಹೊಸ ಗಿರಾಕಿ. ಸೀಮಂತದ ಕಾರ್ಯವಿದೆ, ಐದುನೂರು ರೊಟ್ಟಿ ಬೇಕು, ಶುಕ್ರವಾರದೊಳಗೆ ಮುಟ್ಟಬೇಕು. ಮುರಿಗೆಪ್ಪನ ಮುಖ ಅರಳಿತು. ಬಾಯಿಂದ ಹೂಂ ಹೊರಬೀಳುವುದರಲ್ಲಿತ್ತು. ಅಂಗೈಯಿಂದ ಫೋನಿನ ಬಾಯಿ ಮುಚ್ಚಿ ಹಿತ್ತಲಿನ ಬಾಗಿಲಿಗೆ ಬಂದ.

“ಐದನೂರ ಅಂತ. ಶುಕ್ರವಾರಕ್ಕ.”

ಲಕ್ಕವ್ವ ಸೊಸೆಯ ಕಡೆ ನೋಡಿದಳು. ಭಾಗ್ಯಾ ಹಿಟ್ಟು ನಾದುವುದನ್ನು ನಿಲ್ಲಿಸಿದಳು.

“ಶುಕ್ರವಾರಕ್ಕ ಆಗೂದಿಲ್ರಿ. ಮುಂದಿನ ಬುಧವಾರ ಅಂದ್ರ ಆಕ್ಕೇತಿ.”

“ಕೇಳಿ ನೋಡ್ತೇನಿ, ಅಂವ ಫೋನ್ ಇಟ್ಟಗಿಟ್ಟಾನು.”

“ಇಟ್ರ ಇಡ್ಲಿ.”

ಮುರಿಗೆಪ್ಪ ಹೇಳಿದ. ಅತ್ತಲಿಂದ ಒಂದೆರಡು ಮಾತು ಬಂದವು, ಆಮೇಲೆ ಸಪ್ಪಳ ನಿಂತಿತು. ಅವನು ಫೋನು ಕಿವಿಯಿಂದ ಇಳಿಸಿದ.

“ಇಟ್ಟ ಬಿಟ್ಟ,” ಎಂದ.

ಲಕ್ಕವ್ವ ಹಂಚು ಇಳಿಸಿದಳು. ಗಂಡಸರು ಉಂಡು ಏಳುವ ತನಕ ಕಾಯದೆ, ಅವರಿಗೆ ಎಂದು ಹಾಕಿದ್ದ ಎರಡು ತಾಟುಗಳ ಬಾಜೂ ಇನ್ನೂ ನಾಲ್ಕು ತಾಟು ತಂದಿಟ್ಟಳು.

“ಬಾ ಸಾವಿತ್ರವ್ವಾ, ನಿನ್ನ ಜೋಡಿದಾಕಿನ್ನೂ ಕರಿ. ಭಾಗ್ಯಾ, ಕೈ ತೊಳಕೊ. ಬಿಸಿ ಇದ್ದಾಗ ಉಣ್ಣೂಣು,” ಎಂದಳು.

ಮುರಿಗೆಪ್ಪ ಬಾಗಿಲಲ್ಲಿ ನಿಂತಿದ್ದವನು ಒಂದು ಸಲ ಕೆಮ್ಮಿದ. ಆಮೇಲೆ ತನ್ನ ತಾಟನ್ನು ಗೋಡೆಯ ಕಡೆ ಸರಿಸಿಕೊಂಡು ಕೂತು, ಅವರಿಗೆ ಜಾಗ ಮಾಡಿಕೊಟ್ಟ.